ಎರಡು ದಿನದ ತರಗತಿ

ಫಲಿತಾಂಶ ಬಂದ ಬೆಳಿಗ್ಗೆ ಜಲಜಾ ಒಂದು ಕೈಯಲ್ಲಿ ಸೌಟು, ಇನ್ನೊಂದು ಕೈಯಲ್ಲಿ ಫೋನು ಹಿಡಿದು ಒಲೆಯ ಮುಂದೆ ನಿಂತಿದ್ದಳು. ಪಟ್ಟಿಯಲ್ಲಿ ತನ್ನ ನಂಬರು ಕಂಡ ಮೇಲೂ ನಂಬಿಕೆಯಾಗದೆ ಹಾಲ್ ಟಿಕೆಟ್ ತೆಗೆದು ಹೋಲಿಸಿ ನೋಡಿದಳು. ಅಷ್ಟರಲ್ಲಿ ಕಾವಲಿಯ ಮೇಲಿನ ದೋಸೆ ಸೀದುಹೋಯಿತು.

"ಪಾಸಾಯ್ತು," ಎಂದಳು.

ಊಟದ ಮೇಜಿನ ಒಂದು ತುದಿಯಲ್ಲಿ ಗಂಡ ಮುಕುಂದ ಇಯರ್‌ಫೋನ್ ಹಾಕಿಕೊಂಡು ಮೀಟಿಂಗಿನಲ್ಲಿದ್ದ. ಹೆಬ್ಬೆರಳು ಎತ್ತಿ ತೋರಿಸಿ ಮತ್ತೆ ಪರದೆಯ ಕಡೆ ತಿರುಗಿದ. ಇನ್ನೊಂದು ತುದಿಯಲ್ಲಿ ಮಾವ ಶ್ರೀಕಂಠಯ್ಯ ಖಾಲಿ ತಟ್ಟೆಯ ಮುಂದೆ ಕೂತಿದ್ದರು.

"ಯಾವುದು, ಆ ಬ್ರೋಕರ್ ಪರೀಕ್ಷೇನಾ?"

"ಮನೆ, ಜಮೀನು ವ್ಯವಹಾರದ ಲೈಸೆನ್ಸ್ ಪರೀಕ್ಷೆ ಮಾವ. ಇಲ್ಲಿ ತಕ್ಕೆನ್ ಅಂತಾರೆ. ಆರು ಜನ ಬರೆದ್ರೆ ಒಬ್ರು ಪಾಸಾಗೋದು."

"ಯಾರು ಪಾಸಾದ್ರೇನಮ್ಮ, ಬ್ರೋಕರ್ ಬ್ರೋಕರೇ. ನಮ್ಮ ಆಫೀಸಲ್ಲಿ ಅವರನ್ನ ಹೊರಗಡೆ ಬೆಂಚಿನ ಮೇಲೆ ಕೂರಿಸ್ತಿದ್ವಿ. ಅದು ಸೀದಿದೆ ನೋಡು, ನನಗೆ ಬೇರೆ ಹಾಕು."

ಶ್ರೀಕಂಠಯ್ಯ ಬೆಂಗಳೂರಿನಲ್ಲಿ ಸಬ್-ರಿಜಿಸ್ಟ್ರಾರ್ ಆಗಿ ನಿವೃತ್ತರಾದವರು. ಅವರೂ ಅತ್ತೆ ವೇದವಲ್ಲಿಯೂ ೨೦೨೦ರ ಫೆಬ್ರವರಿಯಲ್ಲಿ ಮೂರು ತಿಂಗಳ ಮಟ್ಟಿಗೆಂದು ಜಪಾನಿನಲ್ಲಿದ್ದ ಮಗನ ಮನೆಗೆ ಬಂದಿದ್ದರು. ಕೊರೊನಾ ಬಂದು ವಿಮಾನಗಳು ನಿಂತವು. ಆಮೇಲೆ ವಿಶೇಷ ವಿಮಾನಗಳು ಶುರುವಾದರೂ ವಯಸ್ಸು, ಸಕ್ಕರೆ ಕಾಯಿಲೆ ಎಂದು ಹೊರಡುವ ಧೈರ್ಯವಾಗಲಿಲ್ಲ. ಪ್ರತಿ ಸಲ ವಲಸೆ ಕಚೇರಿಯ ಸಾಲಿನಲ್ಲಿ ನಿಂತು ಅವರ ವೀಸಾ ಮುಂದುವರಿಸಿಕೊಂಡು ಬರುತ್ತಿದ್ದವಳು ಜಲಜಾ. ಡಿಸೆಂಬರ್ ಬಂದರೂ ಅವರು ತೋಕಿಯೊ ಹತ್ತಿರದ ಕಾಶಿವಾ ಎಂಬ ಈ ಊರಿನಲ್ಲೇ ಇದ್ದರು.

ವಿಶ್ವವಿದ್ಯಾಲಯ ಕೊಟ್ಟ ಆ ಮನೆಯಲ್ಲಿ ಮಲಗುವ ಕೋಣೆ ಎರಡು. ಒಂದು ಅತ್ತೆ ಮಾವನಿಗೆ, ಇನ್ನೊಂದು ಮಗಳು ಚಿನ್ಮಯಿಗೆ. ಅವಳು ಫೆಬ್ರವರಿ ಕೊನೆಗೆ ಹೈಸ್ಕೂಲು ಪ್ರವೇಶ ಪರೀಕ್ಷೆ ಬರೆಯಬೇಕು. ಅದಕ್ಕಾಗಿ ಮನೆಯಲ್ಲಿ ಟಿವಿ ಸದ್ದು ಇಲ್ಲ, ಮಿಕ್ಸಿಯೂ ಅವಳು ಟ್ಯೂಷನ್ನಿಗೆ ಹೋದ ಮೇಲೇ ತಿರುಗಬೇಕು. ಗಂಡ ಹೆಂಡತಿ ಮಲಗುವುದು ಹಾಲ್‌ನಲ್ಲಿ. ಹಗಲು ಅದೇ ಮುಕುಂದನ ಆಫೀಸು. ಜಲಜಾ ಓದಿದ್ದೆಲ್ಲ ಬಚ್ಚಲ ಪಕ್ಕದ ಸಂದಿಯಲ್ಲಿ, ವಾಷಿಂಗ್ ಮಷೀನಿನ ಮುಂದೆ ಸ್ಟೂಲು ಹಾಕಿಕೊಂಡು. ಜಪಾನಿನ ಜಮೀನು ಕಾನೂನು, ತೆರಿಗೆ, ಕಟ್ಟಡ ನಿಯಮ ಎಲ್ಲವನ್ನೂ ಆ ಯಂತ್ರದ ಗಡಗಡ ಸದ್ದಿನಲ್ಲೇ ಬಾಯಿಪಾಠ ಮಾಡಿದ್ದಳು.

ಆ ಮಧ್ಯಾಹ್ನ ಅವಳು ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿದ್ದ ನೆಮೊತೊ-ಸಾನ್ ಅವರ ಕಚೇರಿಗೆ ಕೆಲಸಕ್ಕೆ ಹೋದಳು. ಮನೆ ಬಾಡಿಗೆಗೆ ಕೊಡಿಸುವ ಕಚೇರಿ ಅದು. ಮೂರು ವರ್ಷದಿಂದ ಅಲ್ಲಿ ಅವಳು ಪಾರ್ಟ್‌ಟೈಮ್. ಗಂಡನ ವೀಸಾದ ಮೇಲೆ ಇರುವವಳು ವಾರಕ್ಕೆ ಇಷ್ಟು ಗಂಟೆಗಿಂತ ಹೆಚ್ಚು ದುಡಿಯುವಂತಿಲ್ಲ ಎಂಬುದು ನಿಯಮ. ಹೊರದೇಶದಿಂದ ಓದಲು ಬಂದವರಿಗೆ ಕೋಣೆ ಹುಡುಕುವುದು, ವಿದೇಶಿಯರು ಬೇಡವೆನ್ನುವ ಮಾಲೀಕರ ಮನೆಗೆ ಹೋಗಿ ಒಪ್ಪಿಸುವುದು, ಕೋಣೆ ತೋರಿಸುವುದು, ಎಲ್ಲ ಅವಳದೇ. ಕರಾರಿಗೆ ಮುಂಚೆ ಷರತ್ತುಗಳನ್ನು ವಿವರಿಸುವವರು ಮಾತ್ರ ಲೈಸೆನ್ಸ್ ಇದ್ದವರೇ ಆಗಬೇಕು. ಅಲ್ಲಿ ಅದು ಇದ್ದದ್ದು ವಯಸ್ಸಾದ ಅಕುತ್ಸು-ಸಾನ್ ಒಬ್ಬರಿಗೆ. ಅವರು ಕಾರ್ಡು ತೋರಿಸಿ, ಜಪಾನಿಯಲ್ಲಿ ಒಂದೇ ಉಸಿರಿಗೆ ಓದಿ ಮುಗಿಸಿ, ಸಿಗರೇಟು ಸೇದಲು ಹೋಗಿಬಿಡುತ್ತಿದ್ದರು. ಆಮೇಲೆ ಒಂದೊಂದು ಸಾಲನ್ನೂ ಇಂಗ್ಲಿಷಿನಲ್ಲಿ ಬಿಡಿಸಿ ಹೇಳುವವಳು ಜಲಜಾ.

ಸುದ್ದಿ ಕೇಳಿ ನೆಮೊತೊ-ಸಾನ್ ಎದ್ದು ನಿಂತು ಅಭಿನಂದಿಸಿದರು. ಅವಳು ಕಾಗದ ಮುಂದಿಟ್ಟಳು. ಪಾಸಾದ ಮಾತ್ರಕ್ಕೆ ಲೈಸೆನ್ಸ್ ಕೈಗೆ ಬರುವುದಿಲ್ಲ. ಎರಡು ವರ್ಷ ಈ ವ್ಯವಹಾರದಲ್ಲಿ ದುಡಿದ ಅನುಭವವಿದೆ ಎಂದು ಮಾಲೀಕರು ಬರೆದು ಕೊಡಬೇಕು. ಇಲ್ಲದಿದ್ದರೆ ಒಂದು ತಿಂಗಳು ಪುಸ್ತಕ ಓದಿ, ಎರಡು ದಿನ ತರಗತಿಯಲ್ಲಿ ಕೂತು, ಕೊನೆಗೆ ಇನ್ನೊಂದು ಪರೀಕ್ಷೆ ಬರೆಯಬೇಕು.

ನೆಮೊತೊ-ಸಾನ್ ಕಾಗದ ಓದಿ, ಕನ್ನಡಕ ತೆಗೆದು ಒರೆಸಿದರು.

"ಜಲಜಾ-ಸಾನ್, ನೀವು ನಮಗೆ ಬಹಳ ಸಹಾಯ ಮಾಡಿದ್ದೀರಿ. ಆದರೆ ದಾಖಲೆಯಲ್ಲಿ ನೀವು ಸ್ವಾಗತದ ಮೇಜಿನವರು, ಅನುವಾದಕಿ. ಅದು ಅನುಭವ ಅನ್ನಿಸಿಕೊಳ್ಳುವುದಿಲ್ಲ."

"ಹೋದ ವರ್ಷ ಆ ಬಾಂಗ್ಲಾದೇಶದ ಕುಟುಂಬಕ್ಕೆ ಮನೆ ಮಾಡಿಕೊಟ್ಟವರು ಯಾರು?"

"ಅಕುತ್ಸು-ಸಾನ್. ನೀವು ಜೊತೆಗಿದ್ದಿರಿ."

"ಅಕುತ್ಸು-ಸಾನ್ ಆ ಮನೆಯನ್ನೇ ನೋಡಿಲ್ಲ."

ಅಕುತ್ಸು-ಸಾನ್ ತಮ್ಮ ಮೇಜಿನ ಮೇಲಿದ್ದ ಕಾಗದಗಳನ್ನು ಜೋಡಿಸತೊಡಗಿದರು. ನೆಮೊತೊ-ಸಾನ್ "ಸುಮಿಮಾಸೆನ್" ಎಂದು ಕ್ಷಮೆ ಕೇಳಿ ತಲೆ ತಗ್ಗಿಸಿದರು. ಆ ತಲೆ ಮತ್ತೆ ಮೇಲೇಳುವುದರೊಳಗೆ ಜಲಜಾಳಿಗೆ ಅರ್ಥವಾಯಿತು. ಅವಳು ಮಾಡಿದ್ದನ್ನು ಇದ್ದ ಹಾಗೇ ಬರೆದರೆ, ಲೈಸೆನ್ಸ್ ಇಲ್ಲದವಳ ಕೈಲಿ ಇವರು ಏನೇನು ಮಾಡಿಸಿದರು ಎಂದು ಯಾರಾದರೂ ಕೇಳಿಯಾರು. ಅದಕ್ಕಿಂತ ಅವಳು ಏನೂ ಮಾಡಿಲ್ಲ ಎನ್ನುವುದು ಸುಲಭ.

ಆ ಸಂಜೆ ಊಟಕ್ಕೆ ಹುಳಿ, ಬೀನ್ಸ್ ಪಲ್ಯ. ಜಲಜಾ ಬಡಿಸುತ್ತಲೇ ನಡೆದದ್ದು ಹೇಳಿದಳು.

"ಅವರು ಹೇಳೋದರಲ್ಲೂ ಪಾಯಿಂಟ್ ಇದೆ," ಎಂದ ಮುಕುಂದ. "ಅಫೀಷಿಯಲಿ ನೀನು ರಿಸೆಪ್ಷನಿಸ್ಟ್ ತಾನೆ?"

"ಅಫೀಷಿಯಲಿ ನಾನು ಇಲ್ಲೂ ಡಿಪೆಂಡೆಂಟೇ. ಹಾಗಂತ ಈ ಹುಳಿ ತಾನಾಗೇ ಆಯ್ತಾ?"

"ಅದಕ್ಕೂ ಇದಕ್ಕೂ ಏನು ಸಂಬಂಧ?"

"ಪರೀಕ್ಷೆ ಪಾಸಾಯ್ತಲ್ಲ, ಸಾಕು ಬಿಡಮ್ಮ," ಎಂದರು ವೇದವಲ್ಲಿ. "ಮಾರ್ಚ್ ಕಳೆದ್ರೆ ಎಲ್ಲಾರೂ ಊರಿಗೆ ಹೋಗೋದೇ ಅಲ್ವಾ."

ಜಲಜಾ ಸೌಟನ್ನು ಪಾತ್ರೆಗೆ ಬಿಟ್ಟಳು. "ಯಾರು ಹೇಳಿದ್ದು?"

ಮುಕುಂದನ ಸಂಶೋಧನೆಯ ಹುದ್ದೆ ಮಾರ್ಚ್ ಕೊನೆಗೆ ಮುಗಿಯುವುದೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಮುಂದುವರಿಯುವುದೋ ಇಲ್ಲವೋ ಪ್ರೊಫೆಸರ್ ಇನ್ನೂ ಬಾಯಿ ಬಿಟ್ಟಿರಲಿಲ್ಲ. ಆದರೆ ಮುಂದುವರಿಯದಿದ್ದರೆ ಬೆಂಗಳೂರಿಗೆ ಹೋಗುವುದೆಂದು ಅಪ್ಪ ಮಗ ಬೆಳಗಿನ ವಾಕಿಂಗಿನಲ್ಲಿ ತೀರ್ಮಾನ ಮಾಡಿಕೊಂಡದ್ದು ಅವಳಿಗೆ ಗೊತ್ತಿರಲಿಲ್ಲ.

"ಇನ್ನೂ ಫೈನಲ್ ಆಗಿಲ್ಲ," ಎಂದ ಮುಕುಂದ.

"ಚಿನ್ಮಯಿ ಯಾಕೆ ಮತ್ತೆ ಹೈಸ್ಕೂಲು ಪರೀಕ್ಷೆಗೆ ಓದ್ತಿದ್ದಾಳೆ?"

"ಓದಿದ್ದು ಎಲ್ಲಿಗೂ ಹೋಗಲ್ಲ," ಎಂದರು ಶ್ರೀಕಂಠಯ್ಯ.

ಚಿನ್ಮಯಿ ತಟ್ಟೆಯಿಂದ ತಲೆ ಎತ್ತಿದಳು. ಅವಳು ಬುದ್ಧಿ ಬಂದಾಗಿನಿಂದ ಈ ಊರಿನಲ್ಲೇ ಬೆಳೆದವಳು. "ವೇಟ್. ವಾಟ್?" ಎಂದಳು.

ಮಾರನೇ ದಿನವೇ ಜಲಜಾ ತನ್ನ ಸಂಬಳದ ಹಣದಲ್ಲಿ ಆ ತರಗತಿಗೆ ಹೆಸರು ಕೊಟ್ಟಳು. ವಿದೇಶಿಯರಿಗೆ ಮನೆ ಕೊಡಿಸುವ ತೋಕಿಯೊದ ಯುಎನೊ ಬಡಾವಣೆಯ ಒಂದು ಕಂಪನಿಗೂ ಬರೆದಳು. ಅವರು ವೀಡಿಯೊದಲ್ಲಿ ಸಂದರ್ಶನ ಮಾಡಿ, ಈ ತರಬೇತಿ ಮುಗಿಸಿದರೆ ಏಪ್ರಿಲ್‌ನಿಂದ ಪೂರ್ಣಾವಧಿ ಕೆಲಸ ಕೊಡುತ್ತೇವೆ, ಅವಳದೇ ಹೆಸರಿನಲ್ಲಿ ಕೆಲಸದ ವೀಸಾಕ್ಕೂ ಅರ್ಜಿ ಹಾಕುತ್ತೇವೆ ಎಂದರು. ತರಗತಿ ಇದ್ದದ್ದು ಫೆಬ್ರವರಿಯ ಮೊದಲ ಶನಿವಾರ, ಭಾನುವಾರ, ತೋಕಿಯೊದಲ್ಲಿ.

ಜನವರಿಯಲ್ಲಿ ಸೋಂಕು ಏರಿ ತುರ್ತು ಪರಿಸ್ಥಿತಿ ಘೋಷಣೆಯಾಯಿತು. ಹೋಟೆಲುಗಳು ಎಂಟಕ್ಕೆಲ್ಲ ಬಾಗಿಲು ಹಾಕತೊಡಗಿದವು. ತರಗತಿ ಮಾತ್ರ ರದ್ದಾಗಲಿಲ್ಲ. ಕುರ್ಚಿಗಳ ನಡುವೆ ಅಂತರ, ಮಾಸ್ಕ್ ಕಡ್ಡಾಯ ಎಂದು ಪತ್ರ ಬಂತು.

"ಈ ಸಮಯದಲ್ಲಿ ತೋಕಿಯೊಗೆ ರೈಲಿನಲ್ಲಿ ಹೋಗಿ, ಗೊತ್ತಿಲ್ಲದ ಜನರ ಮಧ್ಯೆ ಎರಡು ದಿನ ಕೂರ್ತೀಯಾ?" ಎಂದರು ಶ್ರೀಕಂಠಯ್ಯ. "ಮನೇಲಿ ಎಪ್ಪತ್ತು ದಾಟಿದ ಇಬ್ಬರಿದೀವಿ."

"ಇವರು ದಿನಾ ಲ್ಯಾಬಿಗೆ ಹೋಗ್ತಾರಲ್ಲ ಮಾವ." ಜನವರಿಯಿಂದ ಮುಕುಂದ ಮತ್ತೆ ಲ್ಯಾಬಿಗೆ ಹೋಗತೊಡಗಿದ್ದ.

"ಅದು ಕೆಲಸ."

"ಚಿನ್ಮಯಿ ಟ್ಯೂಷನ್ನಿಗೆ?"

"ಅದು ಮಗೂ ಭವಿಷ್ಯ."

"ನೀವು ದಿನಾ ಪಾರ್ಕಿಗೆ ಮಾಸ್ಕನ್ನ ಗದ್ದಕ್ಕೆ ಹಾಕ್ಕೊಂಡು ಹೋಗ್ತೀರಿ. ಅದೇನು?"

"ಜಲಜಾ," ಎಂದ ಮುಕುಂದ. "ಅಪ್ಪನ ಹತ್ರ ಹೀಗೆ ಮಾತಾಡಬೇಡ. ಒಂದು ಮೂರು ತಿಂಗಳು ಪೋಸ್ಟ್‌ಪೋನ್ ಮಾಡು, ಅಷ್ಟೇ ತಾನೇ ಅವರು ಕೇಳ್ತಿರೋದು?"

"ಮೂರು ತಿಂಗಳಾದ್ರೆ ಆ ಕೆಲಸ ಇರಲ್ಲ. ನಿಮ್ಮ ಕೆಲಸಾನೂ ಇರುತ್ತೋ ಇಲ್ವೋ ಗೊತ್ತಿಲ್ಲ. ಆಗ ಬಾಡಿಗೆ ಯಾರು ಕಟ್ತಾರೆ? ಓ, ಮರೆತೆ. ಬೆಂಗಳೂರಿಗೆ ಹೋಗ್ತೀವಿ ಅಲ್ವಾ."

ಶ್ರೀಕಂಠಯ್ಯ ಎದ್ದರು. "ಹೋಗೋದಾದ್ರೆ ಹೋಗು. ಹೋದ ಮೇಲೆ ಹದಿನಾಲ್ಕು ದಿನ ಈ ಮನೆ ಒಳಗೆ ಕಾಲಿಡಬೇಡ."

ಮುಕುಂದ ಏನಾದರೂ ಹೇಳಬಹುದೆಂದು ಜಲಜಾ ಕಾದಳು. ಅವನು ಎದ್ದು ಹೋಗಿ ನೀರು ಕುಡಿದ. ವೇದವಲ್ಲಿ ಮೇಜು ಒರೆಸತೊಡಗಿದರು.

"ಆಯ್ತು ಮಾವ," ಎಂದಳು ಜಲಜಾ. "ಇಡಲ್ಲ."

ಅವಳು ನಿಜಕ್ಕೂ ಹಾಗೆ ಮಾಡುತ್ತಾಳೆಂದು ಯಾರೂ ಎಣಿಸಿರಲಿಲ್ಲ. ಕ್ಯಾಂಪಸ್ಸಿನ ಹತ್ತಿರ ಓಕಾವಾ-ಸಾನ್ ಎಂಬ ವಿಧವೆಯ ಸಣ್ಣ ಕಟ್ಟಡವಿತ್ತು. ಗಡಿ ಮುಚ್ಚಿದ್ದರಿಂದ ಹೊರದೇಶದ ವಿದ್ಯಾರ್ಥಿಗಳು ಬಾರದೆ ಅಲ್ಲಿನ ಕೋಣೆಗಳು ಒಂದು ವರ್ಷದಿಂದ ಖಾಲಿ. ವಿದೇಶಿಯರಿಗೆ ಕೊಡಿ ಎಂದು ಹಿಂದೊಮ್ಮೆ ಆಕೆಯನ್ನು ಒಪ್ಪಿಸಿದವಳು ಜಲಜಾಳೇ. ಎರಡು ವಾರಕ್ಕೆ ಬಾಡಿಗೆ ಎಷ್ಟೆಂದು ಕೇಳಿದಾಗ ಓಕಾವಾ-ಸಾನ್ ಕರೆಂಟಿನ ಖರ್ಚು ಮಾತ್ರ ತೆಗೆದುಕೊಂಡು, ಹಾಸಿಗೆಯ ಜೊತೆ ಒಂದು ಸಣ್ಣ ಹೀಟರನ್ನೂ ಕೊಟ್ಟರು.

ತರಗತಿಯಲ್ಲಿ ಎಲ್ಲರೂ ಜಪಾನೀಯರೇ. ಬ್ಯಾಂಕಿನವರು, ಹೊಸದಾಗಿ ಓದು ಮುಗಿಸಿದ ಹುಡುಗರು, ಎರಡನೆಯ ಕೆಲಸ ಹುಡುಕುತ್ತಿದ್ದ ಮಧ್ಯವಯಸ್ಕ ಹೆಂಗಸರು. ಜಮೀನಿನ ದಾಖಲೆ ಓದುವುದು, ಮನೆಯನ್ನು ಪರಿಶೀಲಿಸುವುದು, ಷರತ್ತುಗಳ ಪತ್ರ ತಯಾರಿಸಿ ಎದುರಿನವರಿಗೆ ವಿವರಿಸುವುದು. ಮೂರು ವರ್ಷ ಮಾಡಿದ ಕೆಲಸವನ್ನೇ ಯಾರೋ ಹೊಸದೆಂಬಂತೆ ಕಲಿಸುತ್ತಿದ್ದರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಆದರೂ ಒಂದಕ್ಷರ ಬಿಡದೆ ಬರೆದುಕೊಂಡಳು. ಭಾನುವಾರ ಸಂಜೆ ಪರೀಕ್ಷೆ ಮುಗಿಸಿ ಹೊರಬಂದಾಗ ಪಾಸಾಗುತ್ತೇನೆಂದು ಅವಳಿಗೆ ಖಾತ್ರಿಯಿತ್ತು. ಕೊಂಬಿನಿ ಅಂಗಡಿಯಲ್ಲಿ ಎರಡು ಅನ್ನದ ಉಂಡೆ ಕೊಂಡು, ರೈಲಿನಲ್ಲಿ ನೇರ ಓಕಾವಾ-ಸಾನ್ ಕಟ್ಟಡಕ್ಕೆ ಹೋದಳು.

ಸೋಮವಾರ ಬೆಳಿಗ್ಗೆ ಮುಕುಂದ ಫೋನು ಮಾಡಿದ.

"ಇವತ್ತು ಯಾವ ಕಸ ಹೊರಗಿಡೋದು?"

"ಫ್ರಿಜ್ ಮೇಲೆ ಕ್ಯಾಲೆಂಡರ್ ಇದೆ."

"ಅದು ಜಪಾನೀಸಲ್ಲಿದೆ."

"ಹನ್ನೊಂದು ವರ್ಷದಿಂದ ಜಪಾನಲ್ಲಿದೀರಿ."

"ಕೋಪ ಬಿಟ್ಟು ಬಾ ಜಲಜಾ. ಅಪ್ಪ ಏನೋ ಬಾಯಿಮಾತಿಗೆ ಅಂದ್ರು."

"ಬಾಯಿಮಾತಿಗೆ ಅಂದಿದ್ದನ್ನ ಅವರ ಬಾಯಲ್ಲೇ ವಾಪಸ್ ತಗೊಳ್ಳೋಕೆ ಹೇಳಿ."

ಶ್ರೀಕಂಠಯ್ಯ ತಗೊಳ್ಳಲಿಲ್ಲ. ಅಡಿಗೆ ವೇದವಲ್ಲಿಯ ಮೇಲೆ ಬಿತ್ತು. ಅವರ ಮಂಡಿ ನೋಯುತ್ತಿತ್ತು. ಬುಧವಾರದಿಂದ ಮೂರು ಹೊತ್ತೂ ಅನ್ನ ಸಾರು ಎಂದು ಚಿನ್ಮಯಿ ಮೆಸೇಜು ಕಳಿಸಿದಳು. ಜಲಜಾ ಒಂದೇ ಒಲೆಯ ಆ ಕೋಣೆಯಲ್ಲಿ ಅವಲಕ್ಕಿ ಒಗ್ಗರಣೆ ಮಾಡಿಕೊಂಡು ತಿಂದಳು. ಬಡಿಸಲು ಯಾರೂ ಇರಲಿಲ್ಲ. ಎರಡನೆಯ ದಿನಕ್ಕೆ ಅದು ಚೆನ್ನಾಗಿದೆ ಅನ್ನಿಸಿ, ಅನ್ನಿಸಿತಲ್ಲ ಎಂದು ಬೇಜಾರೂ ಆಯಿತು.

ವಾರದ ಕೊನೆಗೆ ಮುಕುಂದನಿಗೆ ಜ್ವರ ಬಂತು.

ಲ್ಯಾಬಿನಲ್ಲಿ ಯಾರೋ ಸಹೋದ್ಯೋಗಿಯ ಬೀಳ್ಕೊಡುಗೆಯಾಗಿತ್ತು. ಹೋಟೆಲು ಮುಚ್ಚಿದ್ದರಿಂದ ಬಿಯರು, ತಿಂಡಿ ತರಿಸಿಕೊಂಡು ಮುಚ್ಚಿದ ಕೋಣೆಯೊಂದರಲ್ಲೇ ಸೇರಿದ್ದರು. ಅವರಲ್ಲಿ ಮೂವರಿಗೆ ಸೋಂಕು. ಎರಡು ದಿನ ಕಳೆದು ಶ್ರೀಕಂಠಯ್ಯನವರಿಗೂ ಜ್ವರ ಏರಿತು. ವೇದವಲ್ಲಿಗೂ ಚಿನ್ಮಯಿಗೂ ಪರೀಕ್ಷೆಯಲ್ಲಿ ಸೋಂಕು ಕಾಣಲಿಲ್ಲ, ಆದರೆ ಅವರು ಮನೆಯಿಂದ ಹೊರಬರುವಂತಿಲ್ಲ. ಚಿನ್ಮಯಿಯ ಪ್ರವೇಶ ಪರೀಕ್ಷೆಯ ದಿನ ಆ ಅವಧಿಯೊಳಗೇ ಬಿತ್ತು.

ಹೊರಗಿದ್ದವಳು ಜಲಜಾ ಒಬ್ಬಳೇ. ಆರೋಗ್ಯ ಕೇಂದ್ರಕ್ಕೆ ಫೋನು ಹಚ್ಚಿ ಗಂಟೆಗಟ್ಟಲೆ ಕಾದಳು. ಮಾವನ ಸಕ್ಕರೆ ಕಾಯಿಲೆ, ಮಾತ್ರೆಗಳ ಹೆಸರು, ಆಮ್ಲಜನಕದ ಅಂಕಿ ಎಲ್ಲ ಜಪಾನಿಯಲ್ಲಿ ಹೇಳಿ ಹೇಳಿ, ಮಾರನೆಯ ದಿನ ಆಸ್ಪತ್ರೆಯಲ್ಲಿ ಹಾಸಿಗೆ ಸಿಗುವಂತೆ ಮಾಡಿದಳು. ಶಾಲೆಗೆ ಫೋನು ಮಾಡಿ, ಪರೀಕ್ಷೆಗೆ ಬರಲಾಗದವರಿಗೆ ಮಾರ್ಚ್ ಮೊದಲ ವಾರ ಇನ್ನೊಂದು ಪರೀಕ್ಷೆ ಇದೆಯೆಂದು ತಿಳಿದು ಅರ್ಜಿ ಹಾಕಿಸಿದಳು. ದಿನಾ ಅಡಿಗೆ ಮಾಡಿ, ಮನೆಯ ಬಾಗಿಲ ಹಿಡಿಗೆ ಚೀಲ ತೂಗುಹಾಕಿ, ಗಂಟೆ ಒತ್ತಿ ಮೆಟ್ಟಿಲ ಹತ್ತಿರ ನಿಲ್ಲುತ್ತಿದ್ದಳು.

ವೇದವಲ್ಲಿ ಬಾಗಿಲು ತೆರೆದು ಚೀಲ ತೆಗೆದುಕೊಂಡು ಒಂದು ದಿನ ಅಲ್ಲೇ ನಿಂತರು.

"ನೀನೇನು ತಿಂತಿದೀಯಾ?"

"ತಿಂತಿದೀನಿ ಅತ್ತೆ. ಬಾಗಿಲು ಹಾಕ್ಕೊಳ್ಳಿ."

ಮಾವ ಆಸ್ಪತ್ರೆ ಸೇರಿದ ಮಾರನೆಯ ದಿನ ಬೆಂಗಳೂರಿನಿಂದ ಓರಗಿತ್ತಿ ವಸುಧಾ ಫೋನು ಮಾಡಿದಳು. ಅವಳು ಮುಕುಂದನ ಅಣ್ಣ ಚಂದ್ರಮೋಹನನ ಹೆಂಡತಿ.

"ಮಾವಂಗೆ ಹೇಗಿದೆಯಂತೆ? ನೋಡು ಜಲಜಾ, ತಪ್ಪು ತಿಳ್ಕೋಬೇಡ. ನೀನು ಆ ಕ್ಲಾಸಿಗೆ ಹೋಗಬಾರದಿತ್ತು ಕಣೇ. ವಯಸ್ಸಾದವರು ಇರೋ ಮನೆ."

"ಅದಕ್ಕೂ ಕ್ಲಾಸಿಗೂ ಏನಕ್ಕ ಸಂಬಂಧ?"

"ಅಲ್ಲ, ನೀನು ಅಲ್ಲಿಂದ ತಾನೇ ತಂದಿದ್ದು? ಮಾವ ಆಸ್ಪತ್ರೆಗೆ ಹೋಗೋಕೆ ಮುಂಚೆ ಇವರ ಹತ್ರ ಹೇಳಿದ್ರಂತೆ. ಎಲ್ಲರಿಗೂ ಗೊತ್ತಾಗಿದೆ."

ಜಲಜಾ ಹೀಟರು ಆರಿಸಿದಳು. "ಅಕ್ಕಾ, ನಾನು ಕ್ಲಾಸಿಗೆ ಹೋದವಳು ಆ ಮನೆಗೆ ಕಾಲೇ ಇಟ್ಟಿಲ್ಲ. ಇವತ್ತಿಗೂ. ನನಗೆ ಜ್ವರಾನೂ ಇಲ್ಲ. ಸೋಂಕು ತಂದವರು ಮುಕುಂದ, ಲ್ಯಾಬಿನಿಂದ."

"ಮುಕುಂದ ಹಾಗೇನೂ ಹೇಳಲಿಲ್ಲವಲ್ಲ," ಎಂದಳು ವಸುಧಾ.

ಜಲಜಾ ಮುಕುಂದನಿಗೆ ಫೋನು ಮಾಡಿದಳು.

"ಮಾವ ಭಾವನ ಹತ್ರ ಮಾತಾಡೋವಾಗ ನೀವೆಲ್ಲಿದ್ರಿ?"

ಅವನು ಕೆಮ್ಮಿದ. "ಇಲ್ಲೇ. ಮಲಗಿದ್ದೆ."

"ಕೇಳಿಸ್ತಾ?"

"ಜಲಜಾ, ಅಪ್ಪಂಗೆ ನೂರಾ ಎರಡು ಜ್ವರ. ಆಗ ಹೋಗಿ ತಿದ್ದೋದಾ? ಊರಿಗೆ ಹೋದ ಮೇಲೆ ನಿಧಾನವಾಗಿ ಹೇಳಿದ್ರಾಯ್ತು."

"ಜ್ವರದಲ್ಲಿ ನನ್ನ ಹೆಸರು ಮಾತ್ರ ಸರಿಯಾಗಿ ನೆನಪಿತ್ತಾ ಅವರಿಗೆ?" ಎಂದು ಕೇಳಿ ಅವಳು ಫೋನಿಟ್ಟಳು.

ಶ್ರೀಕಂಠಯ್ಯ ಗುಣವಾಗಿ ಮನೆಗೆ ಬಂದರು. ಮೈ ಇಳಿದಿತ್ತು, ದನಿ ಇಳಿದಿರಲಿಲ್ಲ. ಚಿನ್ಮಯಿ ಮಾರ್ಚ್‌ನಲ್ಲಿ ಪರೀಕ್ಷೆ ಬರೆದು ತಾನು ಬಯಸಿದ ಶಾಲೆಯಲ್ಲೇ ಸೀಟು ಪಡೆದಳು. ಮುಕುಂದನ ಹುದ್ದೆ ಮುಂದುವರಿಯುವುದಿಲ್ಲವೆಂದು ಪ್ರೊಫೆಸರ್ ಒಂದು ಮೇಲ್ ಕಳಿಸಿದರು. ಜಲಜಾಳ ತರಬೇತಿಯ ಪ್ರಮಾಣಪತ್ರ ಬಂತು. ಲೈಸೆನ್ಸಿಗೆ ಅರ್ಜಿ ಹೋಯಿತು. ಯುಎನೊದ ಕಂಪನಿ ಕರಾರು ಪತ್ರ ಕಳಿಸಿತು. ನೆಮೊತೊ-ಸಾನ್ ಅವರೂ ಫೋನು ಮಾಡಿದರು. ಅಕುತ್ಸು-ಸಾನ್ ಕೆಲಸ ಬಿಡುತ್ತಿದ್ದಾರೆ, ಲೈಸೆನ್ಸ್ ಬಂದ ಮೇಲೆ ಅವರ ಜಾಗಕ್ಕೆ ಜಲಜಾ-ಸಾನ್ ಬರುವುದಾದರೆ ಬಹಳ ಸಹಾಯವಾಗುತ್ತದೆ ಎಂದರು. "ಕ್ಷಮಿಸಿ, ನನಗೆ ಅನುಭವ ಇಲ್ಲ," ಎಂದು ಅವಳು ಹೇಳಿದಳು.

ಹದಿನಾಲ್ಕು ದಿನ ಮುಗಿದು ಎಷ್ಟೋ ದಿನಗಳಾಗಿದ್ದರೂ ಜಲಜಾ ಮನೆಗೆ ಬಾರದೆ ಓಕಾವಾ-ಸಾನ್ ಅವರ ಕೋಣೆಯಲ್ಲೇ ಉಳಿದಿದ್ದಳು. ವಿಶ್ವವಿದ್ಯಾಲಯದ ಮನೆ ತಿಂಗಳ ಕೊನೆಗೆ ಬಿಡಬೇಕಾಗಿತ್ತು. ಮಾರ್ಚ್ ಮೂರನೆಯ ಭಾನುವಾರ ಮಧ್ಯಾಹ್ನ ಅವಳು ಬಂದು ಊಟದ ಮೇಜಿನ ಮುಂದೆ ಕೋಟು ಬಿಚ್ಚದೆಯೇ ಕೂತಳು. ವೇದವಲ್ಲಿ ಬಿಸಿಬೇಳೆಬಾತ್ ಮಾಡಿದ್ದರು. ಅವಳಿಗೂ ತಟ್ಟೆ ಇಟ್ಟಿದ್ದರು.

"ಚಿನ್ಮಯಿಯ ಸ್ಕೂಲಿನ ಹತ್ರ ಮನೆ ನೋಡಿದೀನಿ," ಎಂದಳು ಮುಕುಂದನಿಗೆ. "ಬಾಡಿಗೆ ಕರಾರು ನನ್ನ ಹೆಸರಲ್ಲಿ. ನಾನೂ ಅವಳೂ ಇಲ್ಲೇ ಇರ್ತೀವಿ. ನಿಮಗೆ ಬರೋದಿದ್ರೆ ನನ್ನ ವೀಸಾ ಮೇಲೆ ಡಿಪೆಂಡೆಂಟ್ ಅಂತ ಅರ್ಜಿ ಹಾಕಬಹುದು. ಬೆಂಗಳೂರಿಗೆ ಹೋಗೋದಿದ್ರೂ ನಾನು ಬೇಡ ಅನ್ನಲ್ಲ. ಯಾವುದೇ ಆಗಲಿ, ಮೊದಲು ಭಾವಂಗೆ ಫೋನ್ ಮಾಡಿ. ಸ್ಪೀಕರ್ ಹಾಕಿ. ಸೋಂಕು ಯಾರು ತಂದಿದ್ದು ಅಂತ ಹೇಳಿ."

"ಇದೇನಿದು ಪಂಚಾಯ್ತಿ," ಎಂದರು ಶ್ರೀಕಂಠಯ್ಯ. "ಬದುಕಿ ಬಂದಿದೀನಿ. ಯಾರು ತಂದ್ರೆ ಏನೀಗ?"

"ನಾನು ತಂದಿದ್ದು ಅಂತ ಹೇಳೋವಾಗ ಅದು ಮುಖ್ಯವಾಗಿತ್ತು ಮಾವ. ಮುಕುಂದ ಅಂದ ತಕ್ಷಣ ಏನೀಗ ಅಂತೀರಿ."

"ನಾನು ಅಂದ್ಕೊಂಡಿದ್ದನ್ನ ಹೇಳಿದೆ."

"ನಾನು ಮನೇಲೇ ಇರಲಿಲ್ಲ. ನೀವೇ ಹೊರಗಿಟ್ಟಿದ್ರಿ."

ಶ್ರೀಕಂಠಯ್ಯ ಹೆಂಡತಿಯ ಕಡೆ ನೋಡಿದರು. ವೇದವಲ್ಲಿ ತುಪ್ಪದ ಮಿಳ್ಳೆಯನ್ನು ಮೇಜಿನ ಮೇಲಿಟ್ಟು, "ಅವಳು ಹೇಳ್ತಿರೋದು ನಿಜ ತಾನೆ?" ಎಂದರು. "ನಾನು ಆವತ್ತೇ ಅಂದೆ, ಹಾಗೆ ಹೇಳಬೇಡಿ ಅಂತ. ನೀವು ಕೇಳಲಿಲ್ಲ."

ಮುಕುಂದ ಫೋನು ತೆಗೆದ. ಅಣ್ಣ ಚಂದ್ರಮೋಹನ ಎತ್ತಿಕೊಂಡು ಹವೆ, ಟಿಕೆಟ್ಟು, ಅಪ್ಪನ ಸಕ್ಕರೆ ಎಲ್ಲ ವಿಚಾರಿಸಿದ. ಮುಕುಂದ ಎಲ್ಲಕ್ಕೂ ಉತ್ತರಿಸಿದ. ಜಲಜಾ ಕದಲದೆ ಕೂತಿದ್ದಳು.

"ಅಣ್ಣಾ, ಒಂದು ವಿಷಯ," ಎಂದ ಕೊನೆಗೆ. "ಅಪ್ಪಂಗೆ ಸೋಂಕು ಬಂದಿದ್ದು ನನ್ನಿಂದ. ನಾನು ಲ್ಯಾಬಿನ ಪಾರ್ಟಿಗೆ ಹೋಗಿದ್ದೆ. ಜಲಜಾ ಆಗ ಮನೇಲೇ ಇರಲಿಲ್ಲ."

"ಅಯ್ಯೋ, ಅದೆಲ್ಲ ಈಗ್ಯಾಕೋ. ಆಗಿದ್ದಾಯ್ತು ಬಿಡು."

"ಭಾವ," ಎಂದಳು ಜಲಜಾ, "ನೀವು ಆಗ ಯಾರಿಗೆಲ್ಲ ಹೇಳಿದ್ರೋ ಅವರಿಗೆಲ್ಲ ಇದನ್ನೂ ಹೇಳಬೇಕು. ವಸುಧಕ್ಕಂಗೂ."

ಆ ಕಡೆಯಿಂದ "ಆಯ್ತಮ್ಮ" ಎಂದು ಬಂತು.

ಫೋನಿಟ್ಟ ಮೇಲೆ ಶ್ರೀಕಂಠಯ್ಯ ಊಟ ಮಾಡದೆ ಎದ್ದು ಕೋಣೆಗೆ ಹೋದರು. ಯಾರೂ ಕರೆಯಲಿಲ್ಲ. ಜಲಜಾ ಕೋಟು ಬಿಚ್ಚಿ ಕುರ್ಚಿಗೆ ಹಾಕಿದಳು.

ಚಿನ್ಮಯಿ ಅಷ್ಟೂ ಹೊತ್ತು ತನ್ನ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಈಗ ಬಂದು ಅಪ್ಪನ ಎದುರು ಕೂತಳು.

"ಇವಳಿಗೂ ಹೇಳಿ," ಎಂದಳು ಜಲಜಾ. "ತಾತ ಫೋನಲ್ಲಿ ಹೇಳಿದ್ದನ್ನ ಇವಳೂ ಕೇಳಿದ್ದಾಳೆ."

"ಹೇಳೋದು ಬೇಡ. ಐ ನೋ," ಎಂದಳು ಚಿನ್ಮಯಿ. ಆಮೇಲೆ ತಡವರಿಸುತ್ತ, ಪದ ಹುಡುಕುತ್ತ, ಕನ್ನಡದಲ್ಲೇ ಹೇಳಿದಳು. "ನಾನು ಇಲ್ಲೇ ಇದ್ದೆ, ಆ ದಿನ. ನೀನೂ ಇದ್ದೆ. ಆಗಲೇ ಯಾಕೆ ಹೇಳಿಲ್ಲ ಅಪ್ಪ?"

ಮುಕುಂದ ತಟ್ಟೆಯ ಕಡೆ ನೋಡಿದ, ಆಮೇಲೆ ಹೆಂಡತಿಯ ಕಡೆ. ಜಲಜಾ ಅವನ ಪರವಾಗಿ ಉತ್ತರ ಹೇಳಲಿಲ್ಲ.